ಆಟದ ರೈಲಿನ ಆಯಾಸ

ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವುದನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಗಾಳಿ ಕ್ಷಣಕ್ಕೊಂದು ಬಗೆ. ಆದರೂ ಜಾಲದ ವಿದ್ಯುತ್ತಿನ ಆವರ್ತನವು 50 ಹರ್ಟ್ಸಿನ ಆಸುಪಾಸಿನಲ್ಲಿಯೇ ಇರತಕ್ಕದ್ದು. ರಭಸದ ಗಾಳಿಯಲ್ಲಿ ಇಂದಿನ ಯಂತ್ರವು ರೆಕ್ಕೆಗಳ ಕೋನವನ್ನೇ ಬದಲಿಸಿಕೊಳ್ಳುತ್ತದೆ.

ಮನೆಯ ಆಟದ ರೈಲಿಗೆ ಇಂಥ ಏರ್ಪಾಡಿಲ್ಲ. ಹೊಸ ಸೆಲ್ಲು ಹಾಕಿದಾಗ ತಿರುವಿನಲ್ಲಿ ಹಳಿ ತಪ್ಪುವಷ್ಟು ವೇಗ; ಬರಬರುತ್ತ ತೆವಳಿಕೆ. ಸರಣಿಯಲ್ಲಿ ಇನ್ನೊಂದು ಸೆಲ್ಲನ್ನು ಸೇರಿಸುವುದೇ ಪರಿಹಾರವೆಂದು ನಂಬಿದ ವಿದ್ಯಾರ್ಥಿಗಳು ಅನೇಕರು. ನಾವು ಇದನ್ನು ಒಪ್ಪಲಾರೆವು. ವೇಗವೂ ಪ್ರವಾಹವೂ ಹೆಚ್ಚಿ, ಮೋಟಾರು ಬಿಸಿಯೇರುವುದೇ ಹೊರತು ಆಯಾಸ ತಪ್ಪದು.

ಕ್ಷಾರೀಯ ಸೆಲ್ಲು 1.5 ವೋಲ್ಟಿನಿಂದ ಹೊರಟು 0.9ರವರೆಗೆ ಇಳಿಯುತ್ತಲೇ ಹೋಗುತ್ತದೆ. ರೈಲಿನ ವೇಗವೂ ಅದನ್ನೇ ಹಿಂಬಾಲಿಸುತ್ತದೆ. ಮರುಪೂರಣ ಮಾಡಬಲ್ಲ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲಾದರೋ 1.2 ವೋಲ್ಟಿನ ಸಮೀಪದಲ್ಲಿಯೇ ಬಹುಕಾಲ ನಿಲ್ಲುತ್ತದೆ. ರೈಲು ತುಸು ನಿಧಾನ, ಆದರೆ ಸಮಗತಿ. ಅಂಥ 2000 ಮಿಲಿಆಂಪಿಯರ್-ಗಂಟೆಯ ಸೆಲ್ಲುಗಳು 200 ಮಿಲಿಆಂಪಿಯರ್ ಎಳೆಯುವ ಮೋಟಾರನ್ನು ಸುಮಾರು 10 ಗಂಟೆ ನಡೆಸಬೇಕು.

ವೇಗ ತಗ್ಗಿಸಲು ರೋಧಕವನ್ನು ಜೋಡಿಸುವುದು ಶಕ್ತಿಯನ್ನು ಶಾಖವಾಗಿ ಚೆಲ್ಲಿದಂತೆಯೇ ಸರಿ. ಅದರ ಬದಲು ವೋಲ್ಟೇಜನ್ನು ಏರಿಸಿ ಸ್ಥಿರವಾಗಿಡುವ ಚಿಕ್ಕ ನಿಯಂತ್ರಕ ಫಲಕವನ್ನು ಬಳಸಿದರೆ, ದಣಿದುದೆಂದು ನಾವು ಎಸೆಯುವ ಕ್ಷಾರೀಯ ಸೆಲ್ಲಿನಲ್ಲಿ ಉಳಿದ ಶಕ್ತಿಯೂ ಉಪಯೋಗಕ್ಕೆ ಬರುತ್ತದೆ. ಕಸದ ಬುಟ್ಟಿಗೆ ಬೀಳುವ ಸೆಲ್ಲುಗಳಲ್ಲಿ ಅರೆಜೀವವಿರುವಂಥವು ಕಡಮೆಯೇನಲ್ಲ.

ಇಷ್ಟರ ಮೇಲೂ ರೈಲು ಬೇಗ ನಿಂತರೆ ಅಚ್ಚನ್ನು ನೋಡಿರಿ. ಕಾರಣವು ಎಷ್ಟೋ ವೇಳೆ ಅಲ್ಲಿ ಸುತ್ತಿಕೊಂಡ ಒಂದು ಕೂದಲೆಳೆ.