ಕೋಷ್ಠದೊಳಗಣ ಚಲನೆಯೂ ವೇದಿಕೆಯ ಮೇಲಣ ಯೋಗವೂ

ತಿಪಟೂರು ಸೀಮೆಯಲ್ಲಿ ಕೊಬ್ಬರಿಯಾಯಿತೋ ಇಲ್ಲವೋ ಎಂಬುದನ್ನು ಅರಿಯಲು ಕಾಯಿಯನ್ನು ಒಡೆಯುವವರಿಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿದ್ದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುವರು. ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಉಂಡೆಯಾಗಿ ಉರುಳಿದರೆ ಆ ಸದ್ದೇ ಪ್ರಮಾಣ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಲ್ಲಿ ಹುಡುಗರಿಗೂ ಈ ಪರೀಕ್ಷೆ ತಿಳಿದಿರುವುದಷ್ಟೆ. ಇಂತಹ ಜನರು ತಮ್ಮ ಮಕ್ಕಳ ದೇಹದ ವಿಷಯದಲ್ಲಿ ಮಾತ್ರ ಕರಟದ ಹೊಳಪನ್ನೇ ನೋಡಿ ಬೆಲೆ ಕಟ್ಟುತ್ತಿರುವುದು ಶೋಚನೀಯವಾಗಿದೆ.

2015ರಿಂದ ಜೂನ್ 21ನೆಯ ದಿನವು ಯೋಗದಿನವೆಂದು ಆಚರಿಸಲ್ಪಡುತ್ತಿದೆ. ಅದು ಸಂತೋಷವೇ. ಆದರೆ ವೇದಿಕೆಯ ಮೇಲೆ ಬಾಲಕನು ಕಾಲನ್ನು ಕತ್ತಿನ ಹಿಂದಕ್ಕೆ ಏರಿಸಿದೊಡನೆ ಚಪ್ಪಾಳೆ, ಛಾಯಾಚಿತ್ರ, ಬಹುಮಾನ! ಅವನ ಉಸಿರು ಕಟ್ಟಿತೆ, ಬೆಳಗಿನ ಉಪ್ಪಿಟ್ಟು ಗಂಟಲಿಗೆ ಬಂದಿತೆ, ವಿಚಾರಿಸುವವರಾರು?

“ಒಳಗಿನ ಅಂಗಗಳು ಮನುಷ್ಯನ ವಶದವಲ್ಲ, ಯಕೃತ್ತನ್ನು ಬೆರಳಿನಂತೆ ಆಡಿಸಬಲ್ಲವರು ಯಾರು? ಆದುದರಿಂದ ಕೈಕಾಲುಗಳ ಶಿಕ್ಷಣವೇ ಸಾಕು” ಎಂಬುದು ಪ್ರದರ್ಶನಪ್ರಿಯರ ಪೂರ್ವಪಕ್ಷ. ಇದರಲ್ಲಿ ಮೊದಲನೆಯ ಮಾತು ನಿಜ, ಎರಡನೆಯದು ನಿಲ್ಲದು. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿರುವ ವಪೆಯು ಪ್ರತಿಶ್ವಾಸದಲ್ಲಿಯೂ ಕೆಳಗಿಳಿಯುವುದು. ಅದರೊಡನೆ ಯಕೃತ್ತು, ಪ್ಲೀಹ, ಜಠರ, ಮೂತ್ರಪಿಂಡಗಳು ತಾವೂ ಇಳಿದು, ನಿಶ್ವಾಸದಲ್ಲಿ ಮರಳಿ ಏರುವುವು. ನಿಮಿಷಕ್ಕೆ ಹದಿನೈದು ಉಸಿರೆಂದು ಲೆಕ್ಕ ಹಾಕಿದರೆ ದಿನಕ್ಕೆ 21,600. ಹಿಂದಿನವರು ಅಜಪಾಜಪಕ್ಕೆ ಹೇಳಿದ ಸಂಖ್ಯೆಯೂ ಇದೇ. ಇಷ್ಟು ಬಾರಿ ನಡೆಯುವ ಚಲನೆಯನ್ನು ಶಿಷ್ಯನು ಒಮ್ಮೆಯಾದರೂ ಗಮನಿಸದೆ ಹೋದರೆ, ಅವನು ಕಲಿತದ್ದು ದೊಂಬರಾಟ. (ದೊಂಬರು ಕ್ಷಮಿಸಬೇಕು, ಉಸಿರಿನ ಲೆಕ್ಕ ತಪ್ಪಿದರೆ ಹಗ್ಗದಿಂದ ಬೀಳುವೆವೆಂದು ಅವರಿಗೆ ಗೊತ್ತು.) ಕಬ್ಬಿಣದ ಮೊನೆಗೆ ಕಾಯಿಯನ್ನು ಒತ್ತಿ ದಿನವಿಡೀ ಸುಲಿಯುವ ಕೂಲಿಯವನೂ ಒತ್ತುವಾಗ ಉಸಿರು ಬಿಡುವನು. ಯಾವ ವೇದಿಕೆಯೂ ಅವನಿಗೆ ಅದನ್ನು ಕಲಿಸಲಿಲ್ಲ.

ಚರಕನು ಶಾರೀರಸ್ಥಾನದಲ್ಲಿ ಹದಿನೈದು ಕೋಷ್ಠಾಂಗಗಳನ್ನು ಎಣಿಸಿದನು. ಸುಶ್ರುತನಾದರೋ ಶವವನ್ನು ಹರಿವ ನೀರಿನಲ್ಲಿ ಏಳು ದಿನ ನೆನೆಯಿಸಿ, ಪದರಪದರವಾಗಿ ಬಿಡಿಸಿ ಕಣ್ಣಾರೆ ನೋಡಬೇಕೆಂದು ವಿಧಿಸಿದನು. ಲೋನಾವಳದಲ್ಲಿ 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು, ನೌಲಿಯ ವೇಳೆ ದೊಡ್ಡ ಕರುಳಿನೊಳಗಣ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯುವುದನ್ನು ಯಂತ್ರದಿಂದ ಅಳೆದರು. ಒಳಗನ್ನು ಅರಿಯಬೇಕೆಂಬುದು ಹೊಸ ಹುಚ್ಚಲ್ಲ.

“ಮೈಸೂರಿನ ಕೃಷ್ಣಮಾಚಾರ್ಯರೂ ಊರೂರಿನಲ್ಲಿ ಪ್ರದರ್ಶನ ಮಾಡಿಸಲಿಲ್ಲವೆ?” ಎಂದು ಕೇಳಬಹುದು. ಮಾಡಿಸಿದರು, ಜನರನ್ನು ಕರೆಯುವುದಕ್ಕಾಗಿ. ಜಗನ್ಮೋಹನ ಅರಮನೆಯಲ್ಲಿ 1933ರಿಂದ ಪಾಠ ಹೇಳಿದ ಅವರು 1934ರಲ್ಲಿ ಕನ್ನಡದಲ್ಲಿಯೇ ಪ್ರಕಟಿಸಿದ ‘ಯೋಗಮಕರಂದ’ವನ್ನು ತೆರೆದು ನೋಡಲಿ. ಆಸನಗಳ ಜೊತೆಗೆ ರೇಚಕ, ಪೂರಕ, ಕುಂಭಕಗಳ ವಿಧಿಯೂ ಅಲ್ಲಿ ಹೇಳಲ್ಪಟ್ಟಿದೆ. ಈಗಿನವರು ಚಿತ್ರಗಳನ್ನು ಇಟ್ಟುಕೊಂಡು ವಿಧಿಯನ್ನು ಬಿಟ್ಟರು.

ಇನ್ನೊಂದು ಗುಂಪಿನವರು ಈ ಆಸನದಿಂದ ಯಕೃತ್ತು, ಆ ಆಸನದಿಂದ ಮೂತ್ರಪಿಂಡ ವಾಸಿಯಾಗುವುದೆಂದು ಪಟ್ಟಿ ಹಂಚುತ್ತಿರುವರು. ಅವರ ಮಾತು ಹೆಚ್ಚು ಅಪಾಯಕರ. ಒಳಗಿನ ಅಂಗಗಳ ಸಂವೇದನೆಯು ಬೆರಳಿನ ಸ್ಪರ್ಶದಷ್ಟು ಸ್ಫುಟವಲ್ಲ. ಯಕೃತ್ತಿನ ಮೇಲಣ ವಪೆಯು ಕೆರಳಿದರೆ ನೋವು ಬಲಭುಜದಲ್ಲಿ ತೋರಬಹುದು. ಹೃದಯದ ನೋವು ಎಡತೋಳಿಗೆ ಇಳಿಯಬಹುದು. ಅಂತಹ ರೋಗಿಯನ್ನು ಚಾಪೆಯ ಮೇಲೆ ಮಲಗಿಸದೆ ವೈದ್ಯನ ಬಳಿಗೆ ಕಳುಹಿಸತಕ್ಕದ್ದು.

ಬರುವ ಜೂನ್ ತಿಂಗಳಲ್ಲಿ ಉಪಾಧ್ಯಾಯರು ಹೀಗೆ ಮಾಡಿ ನೋಡಲಿ. ಮಕ್ಕಳನ್ನು ಬರಿಹೊಟ್ಟೆಯಲ್ಲಿ ಅಂಗಾತ ಮಲಗಿಸಿ, ಹೊಕ್ಕುಳಿನ ಮೇಲೆ ಸುಲಿದ ಸಣ್ಣ ಒಣಕಾಯಿಯೊಂದನ್ನು ಇಡಲಿ. ಉಸಿರನ್ನು ಹಿಡಿಯಹೇಳದೆ, ಎಳೆಯಹೇಳದೆ, ಕಾಯಿ ಏರಿ ಇಳಿಯುವುದನ್ನು ನೂರರವರೆಗೆ ಎಣಿಸಹೇಳಲಿ. ಎಲ್ಲಿ ಎಣಿಕೆ ತಪ್ಪಿತೆಂದು ಪ್ರತಿಯೊಬ್ಬನನ್ನೂ ಕೇಳಲಿ. ಛಾಯಾಚಿತ್ರದವನನ್ನು ಆ ಹೊತ್ತಿಗೆ ಕಾಫಿಗೆ ಕಳುಹಿಸಬಹುದು.