ಚೆಂಡಿನ ಚಿತ್ರ ಬದಲಿಸುವುದು ಕಲಿಕೆಯಲ್ಲ

ಬೇಸಿಗೆ ರಜೆ ಸಮೀಪಿಸಿದಂತೆ ವಾಷಿಂಗ್ಟನ್ ಪರಿಸರದಿಂದ ಶಾರ್ಲಟ್, ಅಟ್ಲಾಂಟಾಗಳವರೆಗಿನ ಕನ್ನಡ ಮನೆಗಳಲ್ಲಿ ಒಂದೇ ಪ್ರಶ್ನೆ: ಮಗುವನ್ನು ಯಾವ ಕೋಡಿಂಗ್ ಶಿಬಿರಕ್ಕೆ ಸೇರಿಸೋಣ? ಕ್ರೀಡೆಯ ಹೆಸರು ಹೊತ್ತ ತರಗತಿಗಳೆಂದರೆ ಮಕ್ಕಳಿಗೆ ಉತ್ಸಾಹ, ಹೆತ್ತವರಿಗೆ ಸಮಾಧಾನ. ಆ ಉತ್ಸಾಹವನ್ನು ನಾವು ಹಳಿಯುವುದಿಲ್ಲ. ಆದರೆ ನಾವು ಕಂಡ ಹಲವು ತರಗತಿಗಳಲ್ಲಿ ಸಿದ್ಧ ಆಟವೊಂದನ್ನು ಮಗುವಿನ ಮುಂದಿಡುತ್ತಾರೆ. ಬ್ಯಾಸ್ಕೆಟ್‌ಬಾಲ್ ತೆಗೆದು ಕ್ರಿಕೆಟ್ ಚೆಂಡಿನ ಚಿತ್ರವಿಟ್ಟರೆ ಪ್ರಮಾಣಪತ್ರ ಕೈಸೇರುತ್ತದೆ. ಇದನ್ನು ಕಲಿಕೆಯೆನ್ನಲು ನಾವು ಒಪ್ಪೆವು.

ಕ್ರೀಡೆಯ ಜೀವಾಳ ನಿಯಮ. ವೃತ್ತಿಪರ ಕಬಡ್ಡಿಯನ್ನೇ ನೋಡಿ: ದಾಳಿಗೆ 30 ಸೆಕೆಂಡು, ಎದುರಿಗೆ ಕನಿಷ್ಠ ಆರು ರಕ್ಷಕರಿದ್ದರೆ ಮಾತ್ರ ಬೋನಸ್ ಅಂಕ, ಮೂವರು ಅಥವಾ ಇನ್ನೂ ಕಡಿಮೆ ಮಂದಿ ಉಳಿದಿದ್ದಾಗ ದಾಳಿಗಾರನನ್ನು ಹಿಡಿದರೆ ಹೆಚ್ಚುವರಿ ಅಂಕ. ಗಡಿಯಾರ, ಎಣಿಕೆ, ಷರತ್ತು, ಕೋಡಿಂಗ್‌ನ ಮೊದಲ ಪಾಠಗಳೆಲ್ಲ ಇಲ್ಲಿಯೇ ಇವೆ. ಎಂಐಟಿ 2007ರಲ್ಲಿ ಲೋಕಕ್ಕಿತ್ತ ಸ್ಕ್ರ್ಯಾಚ್ ಇಂದಿಗೂ ಉಚಿತ. ಹತ್ತು ವರ್ಷದ ಮಗು ಅದರಲ್ಲಿ ಈ ನಿಯಮಗಳನ್ನು ಜೋಡಿಸಬಲ್ಲದು. ಐವರೇ ಉಳಿದಿದ್ದಾಗಲೂ ಪರದೆಯ ಮೇಲೆ ಬೋನಸ್ ಬಂದರೆ ತಪ್ಪೆಲ್ಲಿದೆಯೆಂದು ಮಗುವೇ ಹುಡುಕಬೇಕು. ಆ ಹುಡುಕಾಟವೇ ವಿದ್ಯೆ.

2024ರ ಜೂನ್ 6ರಂದು ಡಲ್ಲಾಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಸೂಪರ್ ಓವರ್ ಎಸೆದು ಅಮೆರಿಕವನ್ನು ಗೆಲ್ಲಿಸಿದ ಸೌರಭ್ ನೇತ್ರಾವಲ್ಕರ್, ವಾಷಿಂಗ್ಟನ್ ಫ್ರೀಡಮ್ ತಂಡದ ಬೌಲರ್, ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರ್. ಆಟಗಾರರು ತಮ್ಮ ಆಟವನ್ನು ವಿಶ್ಲೇಷಿಸಿಕೊಳ್ಳಲೆಂದು ಅವರು ಕ್ರಿಕ್‌ಡಿಕೋಡ್ ಎಂಬ ಆ್ಯಪ್ ರೂಪಿಸಿದರು. ಮೈದಾನದ ಪ್ರಶ್ನೆ ಮೊದಲು, ಕೋಡ್ ಅನಂತರ.

‘ಕೃತಕ ಬುದ್ಧಿಮತ್ತೆಯೇ ಕೋಡ್ ಬರೆಯುವಾಗ ಇದೆಲ್ಲ ಏಕೆ?’ ಎನ್ನುವವರಿದ್ದಾರೆ. ಯಂತ್ರ ಬರೆದುಕೊಟ್ಟದ್ದು ಸರಿಯೇ ತಪ್ಪೇ ಎಂದು ಹೇಳಬಲ್ಲವರು ಆಟದ ನಿಯಮ ಬಲ್ಲವರು ಮಾತ್ರ.

ಆದ್ದರಿಂದ ನಮ್ಮ ಕನ್ನಡ ಶಾಲೆಗಳು ಲಗೋರಿಯಿಂದ ಆರಂಭಿಸಲಿ. ಅದರ ನಿಯಮಗಳು ಊರಿಗೊಂದು ಬಗೆ. ಚೆಂಡು ತಗುಲಿದರೆ ಆಟಗಾರನೊಬ್ಬನೇ ಔಟೋ, ಇಡೀ ತಂಡವೋ? ಬೇಸಿಗೆಗೆ ಬಂದಿಳಿಯುವ ಅಜ್ಜ ಅಜ್ಜಿಯರನ್ನು ಮಗು ಕನ್ನಡದಲ್ಲಿಯೇ ಕೇಳಲಿ, ಉದ್ಯಾನದಲ್ಲಿ ಏಳು ಕಲ್ಲು ಜೋಡಿಸಿ ಆಡಲಿ, ಬಳಿಕ ಬರೆಯಲಿ.

ಶಿಬಿರದ ಶುಲ್ಕ ಕಟ್ಟುವ ಮುನ್ನ ಹೆತ್ತವರು ಒಂದನ್ನು ವಿಚಾರಿಸಲಿ: ಆಟದ ನಿಯಮ ಬರೆಯುವವರು ಯಾರು? ‘ಮಗುವೇ’ ಎಂಬ ಉತ್ತರ ಬಾರದಿದ್ದರೆ ಆ ಹಣದಲ್ಲಿ ಒಂದು ಒಳ್ಳೆಯ ಚೆಂಡು ಕೊಳ್ಳುವುದೇ ಲೇಸು.