ತಲೆ ತಗ್ಗಿಸಿದವರೆಲ್ಲ ಖಿನ್ನರಲ್ಲ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಮೆಲುದನಿಯ ಮಾತು ಪಕ್ಕದಲ್ಲಿದ್ದವರಿಗೂ ಕೇಳಿಸುವುದಿಲ್ಲ. ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ದಿನವಿಡೀ ಕೂಗಿ ಮಾತಾಡಿ ರೂಢಿಯಾದ ನೇಕಾರ, ಆಪ್ತಸಮಾಲೋಚಕರ ಎದುರು ಕೂತಾಗಲೂ ದನಿ ಏರಿಸಿಯೇ ಮಾತಾಡುತ್ತಾನೆ. ಹೊಸದಾಗಿ ಕೆಲಸಕ್ಕೆ ಸೇರಿದ ಸಮಾಲೋಚಕರು ಅದನ್ನು ಸಿಟ್ಟು ಎಂದು ಬರೆದುಕೊಂಡಾರು. ಆಮೇಲೆ ಬಂದ ಸೊಸೆ ಸೆರಗಿನ ಅಂಚು ಹಿಡಿದು ನೆಲ ನೋಡುತ್ತ ಕೂತರೆ ಖಿನ್ನತೆ ಎಂದಾರು. ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತಿರುವುದನ್ನೂ ಬರೆದುಕೊಳ್ಳಬೇಕಲ್ಲ!

ದೇಹ ಮಾತಾಡುವುದಿಲ್ಲ ಎಂದೇನಲ್ಲ. ಮನೋವೈದ್ಯರು ರೋಗಿಯ ಮನಃಸ್ಥಿತಿಯನ್ನು ಪರೀಕ್ಷಿಸುವಾಗ ಮೊದಲು ದಾಖಲಿಸುವುದೇ ಅವರ ಚಹರೆ ಮತ್ತು ವರ್ತನೆಯನ್ನು. ಖಿನ್ನತೆ ತೀವ್ರವಾದಾಗ ನಡಿಗೆ ನಿಧಾನವಾಗುತ್ತದೆ, ಉತ್ತರ ತಡವಾಗಿ ಬರುತ್ತದೆ. ದುಃಖದಲ್ಲಿ ಹುಬ್ಬುಗಳ ಒಳತುದಿ ಮೇಲೇರಿ ಹಣೆಯಲ್ಲಿ ಗೆರೆ ಮೂಡುವುದನ್ನು ಡಾರ್ವಿನ್ 1872ರಲ್ಲೇ ವಿವರಿಸಿದ್ದ. ಅದರಲ್ಲೂ ನಮ್ಮ ಹಳ್ಳಿಗಳಲ್ಲಿ ‘ಮನಸ್ಸಿಗೆ ಬೇಜಾರು’ ಎಂದು ಹೇಳಿಕೊಂಡು ಆಸ್ಪತ್ರೆಗೆ ಬರುವವರು ಕಡಿಮೆ. ಎದೆ ಭಾರ, ಸುಸ್ತು, ಮೈಕೈ ನೋವು, ತಲೆ ಧಿಮ್ಮನ್ನುತ್ತೆ ಎಂದೇ ಬರುತ್ತಾರೆ. ಹಾಗಾಗಿ ನೋಡುವ ಕಣ್ಣು ಬೇಕೇ ಬೇಕು.

ತೊಂದರೆ ಇರುವುದು ನೋಡಿದ್ದೇ ತೀರ್ಪಾಗುವಲ್ಲಿ. ‘ಸಂವಹನದಲ್ಲಿ ಶೇ 93ರಷ್ಟು ಮಾತಿಲ್ಲದ್ದೇ’ ಎಂಬ ಹೇಳಿಕೆ ತರಬೇತಿ ಶಿಬಿರಗಳಲ್ಲಿ ಇಂದಿಗೂ ಚಲಾವಣೆಯಲ್ಲಿದೆ. 1967ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರೇಬಿಯನ್ ನಡೆಸಿದ ಪ್ರಯೋಗಗಳಿಂದ ಬಂದ ಲೆಕ್ಕ ಅದು. ಅವರು ಪರೀಕ್ಷಿಸಿದ್ದು ಬಿಡಿ ಪದಗಳಲ್ಲಿ ಕಾಣುವ ಇಷ್ಟಾನಿಷ್ಟವನ್ನು ಮಾತ್ರ. ಎಲ್ಲ ಮಾತುಕತೆಗೂ ಇದು ಅನ್ವಯಿಸದು ಎಂದು ಅವರೇ ಹೇಳಿದ್ದರೂ ಕೇಳಿಸಿಕೊಂಡವರು ಕಡಿಮೆ. ಎದುರಿಗಿರುವವರು ಸುಳ್ಳು ಹೇಳುತ್ತಿದ್ದಾರೋ ಇಲ್ಲವೋ ಎಂದು ಜನ ಸರಿಯಾಗಿ ಊಹಿಸುವುದು ಸರಾಸರಿ ಶೇ 54ರಷ್ಟು ಸಲ ಎಂದು 2006ರಲ್ಲಿ ಸಂಶೋಧಕರಾದ ಬಾಂಡ್ ಮತ್ತು ಡಿಪಾಲೊ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದರು. ನಾಣ್ಯ ಚಿಮ್ಮಿದರೂ ಶೇ 50 ಸಿಗುತ್ತದೆ.

ತಪ್ಪು ಓದಿದರೆ ರೋಗಿಗೆ ಹಾನಿಯೂ ಆದೀತು. ಮನೋವಿಕಾರಕ್ಕೆ ಕೊಡುವ ಕೆಲವು ಔಷಧಗಳಿಂದ ರೋಗಿಗೆ ಒಂದೆಡೆ ಕೂರಲಾಗದ ಚಡಪಡಿಕೆ ಶುರುವಾಗುತ್ತದೆ. ಕಾಲು ಅಲ್ಲಾಡಿಸುತ್ತಾರೆ, ಎದ್ದು ಓಡಾಡುತ್ತಾರೆ. ಇದನ್ನು ಕಾಯಿಲೆಯೇ ಹೆಚ್ಚಾಗಿದೆ ಎಂದು ತಿಳಿದು ಮಾತ್ರೆ ಏರಿಸಿದರೆ ಚಡಪಡಿಕೆಯೂ ಏರುತ್ತದೆ. ಇನ್ನು ಕೆಲವರಲ್ಲಿ ಅದೇ ಬಗೆಯ ಔಷಧದಿಂದಲೇ ಮುಖ ಭಾವವಿಲ್ಲದಂತೆ ಬಿಗಿಯುತ್ತದೆ. ಇವೆರಡನ್ನೂ ಗುರುತಿಸಲು ‘ನಿಮಗೇನು ಅನ್ನಿಸುತ್ತಿದೆ?’ ಎಂದು ಕೇಳಬೇಕು. ಗಮನಿಸಿದ್ದನ್ನು ಹಾಗೆಯೇ ಅವರ ಮುಂದಿಟ್ಟು, ‘ಮಗನ ಹೆಸರು ಬಂದಾಗ ಸುಮ್ಮನಾದಿರಿ, ಯಾಕಮ್ಮಾ?’ ಎಂದು ವಿಚಾರಿಸುವುದೇ ಕಸುಬಿನ ಜಾಣ್ಮೆ.

ಹಾಗೆ ಕೇಳಲು ಪುರುಸೊತ್ತು ಬೇಕು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಒಳ್ಳೆಯದೇ. ಆದರೆ ಬಾಗಿಲಲ್ಲೇ ಸರದಿ ನಿಂತು, ಒಳಗೆ ಮನೆಮಂದಿಯೆಲ್ಲ ನೆರೆದಿದ್ದರೆ ಕಾಣುವುದು ರೋಗಿಯ ಸಂಕೋಚವಷ್ಟೇ. ಹೊಸಕೋಟೆ, ನೆಲಮಂಗಲ, ದೇವನಹಳ್ಳಿಯ ಆಸ್ಪತ್ರೆಗಳಲ್ಲಿ ಸಮಾಲೋಚನೆಗೆಂದೇ ಬಾಗಿಲಿರುವ ಒಂದು ಕೋಣೆ ಇರಲಿ. ಮನೆಯವರನ್ನು ಹೊರಗೆ ಕೂರಿಸಿ ಕೆಲಹೊತ್ತು ಮಾತಾಡುವ ಪದ್ಧತಿ ಬರಲಿ. ಈ ಸೀಮೆಯ ಮಾತು ಬಲ್ಲ ಸಮಾಲೋಚಕರೂ ಇರಲಿ. ಇದಕ್ಕೆ ಭಾರಿ ಯಂತ್ರೋಪಕರಣವೇನೂ ಬೇಕಿಲ್ಲ.

2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮಾನಸ್’ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ದೂರವಾಣಿ ಕರೆ ಮಾಡಿದವರ ಮುಖ ಸಮಾಲೋಚಕರಿಗೆ ಕಾಣುವುದಿಲ್ಲ. ಉಸಿರು, ತಡವರಿಕೆ, ಮೌನ ಇಷ್ಟನ್ನೇ ಹಿಡಿದು, ಉಳಿದದ್ದನ್ನು ಕೇಳಿಯೇ ತಿಳಿಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಂಖ್ಯೆ 14416, ಕರೆ ಉಚಿತ, ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು.